ಗುಡ್ಡಕ್ಕೆ ಬಿದ್ದ ಒಂದೇ ಬಣ್ಣ

ಎಲ್ಲರೂ ಒಪ್ಪಿದ್ದಾರೆ ಎಂದರೆ ನನಗೆ ಮೊದಲಿನಿಂದಲೂ ಅನುಮಾನ. ಗಂಡನ ಮನೆಯಲ್ಲಿ ಅತ್ತೆ, ಮೈದುನ, ನೆಗೆಣ್ಣಿ ಮೂವರೂ ಒಂದೇ ಮಾತು ಆಡಿದ ದಿನ ನನ್ನ ಬೆನ್ನ ಹಿಂದೆ ಏನೋ ತೀರ್ಮಾನವಾಗಿದೆ ಎಂದೇ ಲೆಕ್ಕ. ಅವರು ಜಗಳವಾಡುತ್ತಿದ್ದರೆ ನಾನು ನೆಮ್ಮದಿಯಿಂದ ಚಹಾ ಕುಡಿಯುತ್ತೇನೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಪವರ್‌ಲೂಮುಗಳ ಸದ್ದಿನ ನಡುವೆ ಮಾತಾಡಬೇಕಾದರೆ ಎಲ್ಲರೂ ಕೂಗಲೇಬೇಕು. ಅಂಥ ಕಡೆ ಯಾರಾದರೂ ಮೆಲ್ಲಗೆ ಮಾತಾಡಿದರೆ ನಾನು ಕೆಲಸ ಬಿಟ್ಟು ಕಿವಿಗೊಡುತ್ತೇನೆ. ಗಂಡ ಇದನ್ನು ರೋಗ ಎನ್ನುತ್ತಾರೆ. ನಾನು ತವರಿನ ಬಳುವಳಿ ಎನ್ನುತ್ತೇನೆ.

ನನ್ನ ತವರು ಬೀಳಗಿ ತಾಲೂಕಿನ ಒಂದು ಊರು. ಕುರಿ ಕಾಯುವ ಮನೆತನ, ಬೀರಪ್ಪನ ಒಕ್ಕಲು. ನಾನೊಬ್ಬಳೇ ಹಾಸ್ಟೆಲಿನಲ್ಲಿದ್ದು ಓದಿ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳಾದೆ. ಅಣ್ಣ ಅಪ್ಪನ ಕೋಲು ಹಿಡಿದ. ಅಪ್ಪನ ಕಾಲದಲ್ಲೂ ಅಣ್ಣನ ಕಾಲದಲ್ಲೂ ನಮ್ಮ ಮನೆಯಲ್ಲಿ ಕುರಿ ಎಣಿಸುವ ಪದ್ಧತಿಯಿಲ್ಲ. ಎಣಿಸಿದರೆ ಹಿಂಡಿಗೆ ದೃಷ್ಟಿಯಾಗುತ್ತದೆ. ಸಂಜೆ ಕುರಿ ದಡ್ಡಿಗೆ ಬರುವಾಗ ಅಣ್ಣ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡುತ್ತಾನೆ, ಬಾರದೆ ಉಳಿದದ್ದು ಯಾವುದೆಂದು ಥಟ್ಟನೆ ಹೇಳುತ್ತಾನೆ. ಒಟ್ಟು ಎಷ್ಟು ಎಂದು ಕೇಳಿದರೆ ಅವನಿಗೆ ನಿಜವಾಗಿಯೂ ಗೊತ್ತಿಲ್ಲ. ಹೊರಗಿನವರು ಕೇಳಿದರಂತೂ "ಅದಾವ್ರಿ ನಾಕ" ಎನ್ನುತ್ತಾನೆ. ಆ ನಾಕು ಕುರಿ ಊರ ಓಣಿ ದಾಟುವಷ್ಟರಲ್ಲಿ ಒಲೆಯ ಮೇಲಿಟ್ಟ ಅನ್ನ ಬೆಂದಿರುತ್ತದೆ. ಸರ್ಕಾರದ ಜಾನುವಾರು ಗಣತಿಗೆ ಬಂದವರಿಗೂ ಅದೇ ಉತ್ತರ, ಅವರೂ ಅದನ್ನೇ ಬರೆದುಕೊಂಡು ಹೋಗಿದ್ದಾರೆ.

ಊರ ಪಕ್ಕದಲ್ಲೊಂದು ಗುಡ್ಡವಿದೆ. ದೊಡ್ಡದೇನಲ್ಲ. ಕಲ್ಲು, ಜಾಲಿ, ನಡುವೆ ಹುಲ್ಲು. ಊರಿನ ದನ ಕುರಿ ಮೇಯಲು ಬಿಟ್ಟ ಗಾಯರಾಣ ಅದು. ಮಳೆಗಾಲದಲ್ಲಿ ಎಲ್ಲ ಹೊಲಗಳಲ್ಲೂ ಪೀಕು ನಿಂತಿರುವಾಗ ಕುರಿ ಕಾಲಿಡಲು ಆ ಗುಡ್ಡ ಬಿಟ್ಟರೆ ಬೇರೆ ಜಾಗವೇ ಇಲ್ಲ. ದಸರೆ ಮುಗಿಯುವ ಹೊತ್ತಿಗೆ ಅಲ್ಲಿಯ ಹುಲ್ಲು ತೀರುತ್ತದೆ. ಆಗ ಅಣ್ಣ ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಇಳಿಯುತ್ತಾನೆ. ಜಮಖಂಡಿಯ ಆಚೆ ಚಿಕ್ಕಪಡಸಲಗಿಯವರೆಗೂ ಹೋಗಿ, ಕಬ್ಬು ಕಡಿದು ಖಾಲಿಯಾದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾನೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಇವನಿಗೆ ಜೋಳ ಸಿಗುತ್ತದೆ. ಮುಂಗಾರು ಬಿದ್ದ ಮೇಲೆ ಮತ್ತೆ ಗುಡ್ಡಕ್ಕೆ ಬರುತ್ತಾನೆ.

ಆ ಗುಡ್ಡದ ಮೇಲೆ ಸರ್ಕಾರದ ಕಣ್ಣು ಬಿದ್ದಿದೆ ಎಂದು ನನಗೆ ತಿಳಿದದ್ದು ಒಂದು ತರಬೇತಿಯಲ್ಲಿ. ಭೂಗೋಳ ಕಲಿಸುವ ಶಿಕ್ಷಕರನ್ನೆಲ್ಲ ಕರೆಸಿದ್ದರು. ಉಪಗ್ರಹ ತೆಗೆದ ಚಿತ್ರಗಳನ್ನು ಮಕ್ಕಳಿಗೆ ತೋರಿಸುವುದು ಹೇಗೆ ಎಂಬುದು ವಿಷಯ. ಕಲಿಸಲು ಬಂದ ಅಧಿಕಾರಿ ಮುಧೋಳ ಕಡೆಯವರು, ಮೆತ್ತಗಿನ ಮನುಷ್ಯ. ಪರದೆಯ ಮೇಲೆ ನಮ್ಮ ಜಿಲ್ಲೆ ಬಣ್ಣಬಣ್ಣವಾಗಿ ಬಿತ್ತು. ಘಟಪ್ರಭೆ, ಕೃಷ್ಣೆ ನೀಲಿ. ಮಹಾಲಿಂಗಪುರದ ಸುತ್ತ ಕಬ್ಬಿನ ಹಸಿರು. ಅವರು ಹೆಮ್ಮೆಯಿಂದ ಹೇಳಿದರು: ಇಷ್ಟು ದಿನ ಅರಣ್ಯದವರದೊಂದು ನಕ್ಷೆ, ಕೃಷಿಯವರದೊಂದು, ನೀರಾವರಿಯವರದೊಂದು, ಕಂದಾಯದವರದು ಇನ್ನೊಂದು. ಆಕಾಶದಲ್ಲಿ ಹಾರುವುದು ಅದೇ ಉಪಗ್ರಹ, ಆದರೆ ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡುತ್ತಿರಲಿಲ್ಲ. ಈಗ ದಿಲ್ಲಿಯಿಂದಲೇ ಯೋಜನೆ ಬಂದಿದೆ. ಎಲ್ಲರ ಚಿತ್ರವೂ ಒಂದೇ ಕಡೆ ಕೂಡಬೇಕು, ಒಂದು ಜಾಗಕ್ಕೆ ಎಲ್ಲ ಇಲಾಖೆಗಳೂ ಒಂದೇ ಹೆಸರು ಒಪ್ಪಬೇಕು.

ಒಪ್ಪಬೇಕು ಎಂದ ಕೂಡಲೇ ನನ್ನ ಕಿವಿ ನಿಮಿರಿತು. ಕೈ ಎತ್ತಿ, ನಮ್ಮೂರ ಕಡೆ ಸ್ವಲ್ಪ ತೋರಿಸಿ ಎಂದೆ. ಅವರು ಬೀಳಗಿಯ ಕಡೆ ಸರಿಸಿದರು, ಗುಡ್ಡ ಬಂತು. ಮಾಸಲು ಹಳದಿ. ಪಕ್ಕದಲ್ಲಿ ಆ ಬಣ್ಣದ ಅರ್ಥ ಬರೆದಿತ್ತು: ಪಾಳು ಭೂಮಿ.

"ಅದು ಪಾಳು ಅಲ್ರಿ, ಗಾಯರಾಣ ಐತಿ" ಎಂದೆ. "ಪಾಳು ಅಂತ ಯಾರು ಹೇಳಿದ್ರು?"

"ಉಪಗ್ರಹ ನೋಡೇತ್ರಿ ಟೀಚರ್. ಹುಲ್ಲಿಲ್ಲ, ಪೀಕಿಲ್ಲ, ಗಿಡ ತೆಳ್ಳಗ ಅದಾವು."

"ಯಾವ ತಿಂಗಳದಾಗ ನೋಡೇತ್ರಿ?"

"ಚಳಿಗಾಲ, ಬ್ಯಾಸಗಿ. ಮಳಿಗಾಲದಾಗ ಮೋಡ ಇರ್ತಾವಲ್ರಿ, ಕೆಳಗಿಂದು ಕಾಣಂಗಿಲ್ಲ."

ನಮ್ಮ ಗುಡ್ಡ ಹಸಿರಾಗಿರುವುದೇ ಮೋಡ ಇದ್ದಾಗ. ಮೋಡ ಸರಿಯುವ ಹೊತ್ತಿಗೆ ಕುರಿ ಎಲ್ಲ ತಿಂದು ಮುಗಿಸಿರುತ್ತವೆ. "ಮೋಡದಾಗಿಂದೂ ನೋಡೋ ಉಪಗ್ರಹ ಅದಾವು ಅಂತ ಪುಸ್ತಕದಾಗ ಐತೆಲ್ರಿ?" ಎಂದೆ. ಅವರು ಪ್ರಾಮಾಣಿಕವಾಗಿ ಹೇಳಿದರು: "ಅದಾವ್ರಿ. ಆ ಡೇಟಾ ಬ್ಯಾರೆ ವಿಭಾಗದ್ದು. ಅದಿನ್ನಾ ನಮ್ಮ ಕಡಿ ಕೂಡಿಲ್ಲ." ಸಭೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ಊಟದ ಹೊತ್ತಿನಲ್ಲಿ ಅವರ ಹಿಂದೆ ಬಿದ್ದು ಹಳೆಯ ನಕ್ಷೆಗಳನ್ನೂ ತೆರೆಸಿದೆ. ಅರಣ್ಯದವರು ನಮ್ಮ ಗುಡ್ಡವನ್ನು ಕುರುಚಲು ಕಾಡು ಎಂದಿದ್ದರು. ಕಂದಾಯದವರು ಗಾಯರಾಣ ಎಂದಿದ್ದರು. ನೀರಾವರಿಯವರ ಪ್ರಕಾರ ಅದು ಕೆಳಗಿನ ಕೆರೆಗೆ ನೀರು ಹರಿಯುವ ಇಳಿಜಾರು. ವಿದ್ಯುತ್ತಿನವರ ಪ್ರಕಾರ ಖಾಲಿ ಜಾಗ, ಸೋಲಾರ್ ಹಾಕಲು ಪ್ರಶಸ್ತ. ಇವರೆಲ್ಲ ವರ್ಷಗಟ್ಟಲೆ ಒಬ್ಬರಿಗೊಬ್ಬರು ಪತ್ರ ಬರೆದು ಕಿತ್ತಾಡಿದ್ದಾರೆ. ಆ ಕಿತ್ತಾಟದಲ್ಲಿ ಯಾರಿಗೂ ಗುಡ್ಡ ಮುಟ್ಟಲಾಗಿಲ್ಲ, ಅಣ್ಣನ ಕುರಿ ಆರಾಮವಾಗಿ ಮೇಯ್ದಿವೆ. ಈಗ ಜಗಳ ಮುಗಿಸಲು ಮೇಲಿಂದ ಹೇಳಿದ್ದಾರೆ. ದೇಶದ ಕೆಲಸಕ್ಕೆ ಅದು ಒಳ್ಳೆಯದೇ ಇರಬಹುದು, ನೆರೆ ಬಂದಾಗ ಎಲ್ಲರೂ ಒಂದೇ ನಕ್ಷೆ ನೋಡಿದರೆ ಊರುಗಳು ಉಳಿಯಬಹುದು. ಅದನ್ನು ನಾನು ತರಗತಿಯಲ್ಲಿ ಕಲಿಸುತ್ತೇನೆ ಕೂಡ. ಆದರೆ ಒಂದು ಸಲ ಎಲ್ಲರ ಕಡತದಲ್ಲೂ ಪಾಳು ಎಂದು ಬಿದ್ದರೆ ಅಲ್ಲ ಎನ್ನುವವರು ಒಬ್ಬರೂ ಉಳಿಯುವುದಿಲ್ಲ. ಸೋಲಾರಿನವರಿಗೆ ಬೇಕಾದದ್ದೂ ಅಷ್ಟೇ.

ದಾರಿ ಏನು ಎಂದು ಕೇಳಿದೆ. "ಆಕ್ಷೇಪಣೆ ಕೊಡ್ರಿ. ಇಬ್ಬರು ಸಮೀಕ್ಷೆದವರು ಬಂದು ಸ್ಥಳ ನೋಡ್ತಾರ. ಕುರಿ ಮೇಯೂದು ಕಣ್ಣಿಗಿ ಬಿದ್ರ, ಫೋಟೋ ತಗದು ಗಾಯರಾಣ ಅಂತ ತಿದ್ದತಾರ" ಎಂದರು. ದಸರೆಯ ಹೊತ್ತಿಗೆ ಬರುತ್ತಾರಂತೆ. ಅಷ್ಟು ಸುಲಭವೇ ಎಂದು ಆಗಲೂ ನನಗೆ ಅನುಮಾನ ಬಂದಿತ್ತು.

ಆ ಭಾನುವಾರವೇ ತವರಿಗೆ ಹೋದೆ. ಅಣ್ಣ ಗುಡ್ಡದ ಬುಡದಲ್ಲಿ ಕುರಿಗಳ ಗೊರಸು ನೋಡುತ್ತಿದ್ದ. ಅತ್ತಿಗೆ ರೊಟ್ಟಿ, ಪುಂಡಿಪಲ್ಲೆ ಕಟ್ಟಿಕೊಂಡು ಬಂದಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಅಣ್ಣ ಮುಖ ಎತ್ತಲಿಲ್ಲ.

"ಮ್ಯಾಲಿಂದ ನೋಡಾಕತ್ತಾರಂದ್ರ ಏನ್ ನೋಡಾಕತ್ತಾರ?"

"ನೆಲ ನೋಡ್ತಾರ, ಅಣ್ಣಾ."

"ನೆಲ ನೋಡಾಕ ಅಷ್ಟ ಮ್ಯಾಲ ಯಾಕ ಹೋಗಬೇಕು? ಇಲ್ಲೇ ಬಂದು ನಿಂತ್ರ ಕಾಣಂಗಿಲ್ಲೇನು?" ಎಂದು ಕುರಿಯ ಕಾಲು ಬಿಟ್ಟ. "ಮೊನ್ನಿ ಒಂದು ಜೀಪ್ ಬಂದಿತ್ತು. ಗುಡ್ಡದ ಸುತ್ತ ತಿರಿಗ್ಯಾಡಿ ಹೋದ್ರು. ನೀ ನಕಾಶಿ ತಗಸಿ ನೋಡಿದಿ, ಅದರ ಬೆನ್ನಿಗೇ ಜೀಪ್ ಬಂತು."

"ಅಂದ್ರ? ನಾ ತೋರಿಸಿಕೊಟ್ಟೆ ಅಂತೀಯೇನು?"

"ನಾ ಹಂಗೆಲ್ಲಿ ಅಂದೆ? ಆದ್ರ ಸರ್ಕಾರದ ಪಗಾರ ತಗೋಳಾಕಿ ನೀನು. ಅವ್ರು ಕೇಳಿದ್ರ ಇಲ್ಲ ಅನ್ನಾಕ ಬರತೈತೇನ ನಿನಗ?"

ಅತ್ತಿಗೆ ರೊಟ್ಟಿಯ ಗಂಟು ಬಿಚ್ಚುತ್ತ ಗಂಡನನ್ನು ಗದರಿಸಿದಳು: "ತಂಗಿ ಅಷ್ಟು ದೂರದಿಂದ ಬಂದಾಳ, ಮೊದಲ ಉಣ್ಣಾಕ ಕೊಡೂಣು. ಜಗಳ ಆಮ್ಯಾಲ ಮಾಡೀರಂತ." ಅಣ್ಣನ ಮೇಲೆ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಗುಡ್ಡ ಹೋದರೆ ಕುರಿ ಮಾರಬೇಕು. ಕುರಿ ಮಾರಿದ ಅಣ್ಣನನ್ನು ನನಗೆ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಕೊನೆಗೆ ಊರಿನ ಕುರಿಗಾರರೆಲ್ಲ ಬೀರಪ್ಪನ ಗುಡಿಯ ಮುಂದೆ ಕೂತರು. ನಾನು ಕಲಿಸುವವಳ ಹಾಗೆ ನಿಂತು ವಿವರಿಸಿದೆ. ಈ ಸಲ ದಸರೆ ಕಳೆದರೂ ದಂಡೆಗೆ ಇಳಿಯಬೇಡಿ, ಸಮೀಕ್ಷೆಯವರು ಬಂದು ಹೋಗುವ ತನಕ ಹಿಂಡು ಗುಡ್ಡದ ಮೇಲೇ ಇರಲಿ ಎಂದೆ. ಯಾರೂ ಎದುರು ಮಾತಾಡಲಿಲ್ಲ. ಹಿರಿಯರೊಬ್ಬರು "ಆತವಾ" ಎಂದರು, ಉಳಿದವರೂ ಆತು ಎಂದರು, ಅಣ್ಣನೂ ಎಂದ. ಇಷ್ಟು ಜನ ಇಷ್ಟು ಬೇಗ ಒಪ್ಪಿದ್ದನ್ನು ಕಂಡು ನನಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಮಾಧಾನವಿರಲಿಲ್ಲ.

ನಾನು ಕೊಟ್ಟ ಆಕ್ಷೇಪಣೆಗೆ ಉತ್ತರವಾಗಿ ಸಮೀಕ್ಷೆಯ ತಾರೀಖು ಬಂತು. ಆ ದಿನ ರಜೆ ಹಾಕಿ ಬೆಳಿಗ್ಗೆ ಬೇಗ ಹೊರಟೆ. ಜಮಖಂಡಿಯಲ್ಲಿ ಬಸ್ಸು ಬದಲಿಸಿ ಊರು ಮುಟ್ಟಿದಾಗ ಸಮೀಕ್ಷೆಯ ಇಬ್ಬರೂ ಬೈಕ್ ನಿಲ್ಲಿಸಿ ಗುಡ್ಡದ ಬುಡದಲ್ಲಿ ನಿಂತಿದ್ದರು. ಗುಡ್ಡದ ಮೇಲೆ ಒಂದು ಕುರಿಯೂ ಇರಲಿಲ್ಲ. ಒಂದು ನಾಯಿ ಕೂಡ ಇರಲಿಲ್ಲ. ಅಣ್ಣನ ಮನೆಗೆ ಬೀಗ. ಊರಲ್ಲಿ ಕೇಳಿದರೆ ಹೆಂಗಸರು ಸೆರಗು ಬಾಯಿಗೆ ಹಿಡಿದು "ನಮಗೇನ್ ಗೊತ್ತವಾ" ಎಂದರು. ಆ ಊರಿನಲ್ಲಿ ಒಂದು ಆಡು ಮರಿ ಹಾಕಿದರೆ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ, ಹಿಂಡುಗಟ್ಟಲೆ ಕುರಿ ಹೋದದ್ದು ಗೊತ್ತಿಲ್ಲವಂತೆ!

ನಾನು ಸಮೀಕ್ಷೆಯವರನ್ನು ಗುಡ್ಡ ಹತ್ತಿಸಿ ಕುರಿಯ ಹಿಕ್ಕೆ ತೋರಿಸಿದೆ. ಇನ್ನೂ ಪೂರ್ತಿ ಒಣಗಿರಲಿಲ್ಲ. "ನೋಡ್ರಿ, ಮೂರ್ನಾಕ ದಿನದ ಹಿಂದ ಇಲ್ಲೇ ಇದ್ದವು."

ಅವರಲ್ಲಿ ಹಿರಿಯನಂತಿದ್ದವನು ಸಂಕೋಚದಿಂದ ಹೇಳಿದ: "ಹಿಕ್ಕಿ ಫೋಟೋ ತಗೊಳ್ಳಂಗಿಲ್ರಿ ಟೀಚರ್. ಜೀವಂತ ಕುರಿ ಬೇಕು." ಫೋನಿನಲ್ಲಿ ಗಣತಿಯ ಅಂಕಿಯನ್ನೂ ತೆರೆದು ತೋರಿಸಿದ. ಊರಿನ ಪ್ರತಿ ಮನೆಗೂ ಬೆರಳೆಣಿಕೆಯ ಕುರಿ. ಇಷ್ಟು ಕುರಿಗೆ ಇಡೀ ಗುಡ್ಡ ಯಾಕೆ ಬೇಕು ಎಂದು ಅವನು ಕೇಳಲಿಲ್ಲ, ಆದರೆ ಅವನ ಮುಖ ಕೇಳುತ್ತಿತ್ತು. ಖಾಲಿ ಗುಡ್ಡದ ಫೋಟೋ ತೆಗೆದುಕೊಂಡು ಹೋದರು.

ನಾನು ಬನಹಟ್ಟಿಗೆ ಮರಳಲಿಲ್ಲ. ಸಿಕ್ಕ ಬಸ್ಸು, ಟಂಟಂ ಹತ್ತಿ ಚಿಕ್ಕಪಡಸಲಗಿಯ ಕಡೆ ಹೋದೆ. ಕಬ್ಬು ಕಡಿದ ಹೊಲವೊಂದರಲ್ಲಿ ಅಣ್ಣ ಬಲೆ ಕಟ್ಟಿ ಕುರಿ ನಿಲ್ಲಿಸುವ ತಯಾರಿಯಲ್ಲಿದ್ದ. ನನ್ನನ್ನು ಕಂಡವನೇ ಗೂಟ ಬಡಿಯಲು ಶುರುಮಾಡಿದ.

"ಆತು ಅಂದಿದ್ದೆಲ್ಲ? ಬೀರಪ್ಪನ ಮುಂದ ಕೂತು ಅಂದಿದ್ದೆಲ್ಲ?"

"ಎಣಸ್ತಾರಂತ ಗೊತ್ತಾತು. ಎಣಿಸಿ ಎಲ್ಲಾವಕ್ಕೂ ಕಿವ್ಯಾಗ ಬಿಲ್ಲಿ ಹೊಡೀತಾರಂತ. ಆಮ್ಯಾಲ ತಲಿಗಿ ಇಷ್ಟ ಅಂತ ಕರ ಹಾಕ್ತಾರಂತ."

"ಯಾರು ಹೇಳಿದ್ರು?"

"ಎಲ್ಲಾರೂ ಹೇಳಾಕತ್ತಾರ."

"ಎಣಸಾಕ ಬಂದಿರಲಿಲ್ಲ ಅವ್ರು! ಒಂದ ಫೋಟೋ ತಗೊಂಡು ಹೋಗ್ತಿದ್ರು. ಗುಡ್ಡ ಹೋದ್ರ ಮುಂದಿನ ಮಳಿಗಾಲಕ್ಕ ಎಲ್ಲಿ ನಿಂದರಸ್ತಿ ಇವನ್ನ? ನನ್ನ ಮನಿ ಅಟ್ಟದ ಮ್ಯಾಲೇನು?"

ಅಣ್ಣ ಗೂಟ ಬಿಟ್ಟು ನೆಟ್ಟಗೆ ನನ್ನ ಕಡೆ ನೋಡಿದ. "ಕುರೀನ ಹೋದ್ರ ಗುಡ್ಡ ಇಟಗೊಂಡು ನಾ ಏನ್ ಮಾಡ್ಲಿ? ನೀ ಹೇಳು."

ಅವನ ಭಯ ಸುಳ್ಳು ಎಂದು ಗೊತ್ತಿತ್ತು. ಅಂಥ ಭಯ ಹುಟ್ಟಲು ಕಾರಣಗಳಿವೆ ಎಂದೂ ಗೊತ್ತಿತ್ತು. ಕಾಗದ ಹಿಡಿದು ಬಂದವರು ನಮ್ಮಪ್ಪನ ಕಾಲದಲ್ಲಿ ಏನನ್ನಾದರೂ ಕೊಟ್ಟು ಹೋದ ನೆನಪು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಆದರೂ ಸಿಟ್ಟು ತಡೆಯಲಾಗದೆ ಅಲ್ಲೇ ಕಬ್ಬಿನ ಕೂಳೆಯ ನಡುವೆ ಕೂತು ಅತ್ತೆ. ಅತ್ತಿಗೆ ನೀರು ತಂದುಕೊಟ್ಟಳು.

ಮತ್ತೆ ಆ ಮುಧೋಳದ ಅಧಿಕಾರಿಯ ಬಳಿ ಹೋದೆ. ಅವರು ನನ್ನನ್ನು ಗದರಿಸಲಿಲ್ಲ, ಚಹಾ ತರಿಸಿದರು. ಅಂಥವರ ಮೇಲೆ ಅನುಮಾನ ಪಡುವುದೂ ಕಷ್ಟ, ಬಿಡುವುದೂ ಕಷ್ಟ. ನಕ್ಷೆ ಖಾಯಂ ಆಗುವ ಮೊದಲು ಯುಗಾದಿಯ ಒಳಗೆ ಇನ್ನೊಂದು ಸಲ ಸ್ಥಳ ನೋಡಲು ಅವಕಾಶವಿದೆಯಂತೆ. ಯಾವತ್ತು ಎಂದು ಕೇಳಿದೆ.

"ಈ ಸಲ ತಾರೀಖು ಹೇಳಾಕ ಬರಂಗಿಲ್ರಿ. ಹೇಳಿದ್ರ ಪಕ್ಕದೂರಿನ ಕುರಿ ತಂದು ನಿಲ್ಲಸ್ತಾರ. ಹಂಗ ಮಾಡಿದಾರ್ರಿ, ಸುಳ್ಳಲ್ಲ."

ನಾವು ಅವರನ್ನು ನಂಬುವುದಿಲ್ಲ, ಅವರು ನಮ್ಮನ್ನು ನಂಬುವುದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಸಮನ್ವಯ ಚೆನ್ನಾಗಿತ್ತು. ತಾರೀಖು ಗೊತ್ತಿಲ್ಲ ಎಂದರೆ ಯುಗಾದಿಯ ತನಕ ಯಾರಾದರೂ ಹಗಲೆಲ್ಲ ಆ ಬೋಳು ಗುಡ್ಡದ ಮೇಲೆ ಕುರಿ ಇಟ್ಟುಕೊಂಡು ಕೂತಿರಬೇಕು. ಮೇಯಲು ಏನೂ ಇಲ್ಲದ ಕಾಲದಲ್ಲಿ, ಮೇಯುತ್ತವೆ ಎಂದು ತೋರಿಸಲು.

ಅಣ್ಣ ಆಗುವುದಿಲ್ಲ ಎಂದೇ ಅಂದ. ದಂಡೆಯ ರೈತರಿಗೆ ಮಾತು ಕೊಟ್ಟಾಗಿತ್ತು. ಆಗ ಅತ್ತಿಗೆ ಬಾಯಿಬಿಟ್ಟಳು. "ನಾ ಕೂಡತೇನಿ" ಎಂದಳು. "ಮುದಿ ಕುರಿ, ಗಬ್ಬದ ಕುರಿ ನನಗ ಬಿಡ್ರಿ. ಅವೇನ್ ಮಹಾ ದೂರ ನಡಿಯೂದಿಲ್ಲ. ಎಣಿಸಿದ್ರೂ ಮುದಿಕ್ಯಾರನ್ನ ಎಣಿಸ್ಲಿ ಬಿಡ್ರಿ, ನನ್ನೂ ಸೇರಿಸಿ." ಅಣ್ಣ ನಗಬಾರದೆಂದು ತುಟಿ ಕಚ್ಚಿದರೂ ನಗು ಬಂದೇಬಿಟ್ಟಿತು. ಹಾಗೆ ಆ ವರ್ಷ ನಮ್ಮ ಹಿಂಡು ಎರಡಾಯಿತು.

ಬೋಳು ಗುಡ್ಡದಲ್ಲಿ ಕುರಿಗೆ ತಿನ್ನಲು ಬೇಕಲ್ಲ. ಅಣ್ಣ ದಂಡೆಯಿಂದ ಕಬ್ಬಿನ ವಾಡಿ, ಅಂದರೆ ಕಬ್ಬಿನ ಮೇಲಿನ ಹಸಿರು ಗರಿ, ಹೊರೆ ಕಟ್ಟಿ ಆ ಕಡೆ ಬರುವ ಟೆಂಪೊಗಳಲ್ಲಿ ಹಾಕಿ ಕಳಿಸುತ್ತಿದ್ದ. ಬಾಡಗಂಡಿಯ ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರಿನವರೂ ಕೆಲವೊಮ್ಮೆ ಒಂದು ಹೊರೆ ಇಳಿಸಿ ಹೋಗುತ್ತಿದ್ದರು. ಅತ್ತಿಗೆ ಅದನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತುತ್ತಿದ್ದಳು. ಊರವರು ನಕ್ಕರು. ಕೆಳಗೆ ದಡ್ಡಿಯಲ್ಲಿ ಹಾಕುವುದನ್ನು ಮೇಲೆ ಹೊತ್ತು ಹಾಕುತ್ತಾಳಲ್ಲ, ಇವಳಿಗೆ ತಲೆ ಕೆಟ್ಟಿದೆ ಎಂದರು. ನನಗೆ ಎಷ್ಟೋ ಸಲ ಬೇಡ ಬಿಡು ಅನ್ನಬೇಕು ಅನಿಸಿತು. ಅನ್ನಲಿಲ್ಲ. ಗುಡ್ಡ ಉಳಿಯಲಿ ಎಂಬ ಆಸೆ ಅಷ್ಟಿತ್ತು.

ಸಮೀಕ್ಷೆಯವರು ಬಂದದ್ದು ಒಂದು ಭಾನುವಾರ. ರಜೆಯ ದಿನವಾದ್ದರಿಂದ ನಾನೂ ಅಲ್ಲಿದ್ದೆ. ಬೈಕಿನ ಸದ್ದು ಕೇಳಿ ಎದ್ದು ನಿಂತೆ. ಅದೇ ಇಬ್ಬರು. ಕುರಿ ಕಂಡು ಹಿರಿಯವನಿಗೂ ಖುಷಿಯಾಯಿತು. "ಈ ಸಲ ಅದಾವಲ್ರಿ ಟೀಚರ್!" ಎಂದ. ಫೋನು ಎತ್ತಿದ, ಒಂದು ಫೋಟೋ ತೆಗೆದ. ಇನ್ನೊಂದಕ್ಕೆ ಹತ್ತಿರ ಬಂದವನು ಫೋನು ಇಳಿಸಿ ನೆಲ ನೋಡಿದ. ಅಲ್ಲಿ ಕಬ್ಬಿನ ವಾಡಿ ಹರಡಿತ್ತು. ಕುರಿಗಳು ಅದನ್ನೇ ಮುರಿದು ಮುರಿದು ತಿನ್ನುತ್ತಿದ್ದವು.

"ಇವು ಇಲ್ಲಿ ಮೇಯಾಕತ್ತಿಲ್ಲಲ್ಲವ್ವಾ" ಎಂದು ಅತ್ತಿಗೆಗೆ ಹೇಳಿದ. "ಹೊರಗಿಂದ ಮೇವು ತಂದು ಹಾಕಾಕತ್ತೀರಿ."

ನಾನು ನಡುವೆ ನುಗ್ಗಿದೆ. ಮಳೆಗಾಲದಲ್ಲಿ ಇಲ್ಲಿ ಮೊಣಕಾಲುದ್ದ ಹುಲ್ಲಿರುತ್ತದೆ, ದಸರೆಯ ತನಕ ಕುರಿ ಇಲ್ಲೇ ಇರುತ್ತವೆ, ಈಗ ಇಟ್ಟದ್ದು ನಿಮಗೆ ತೋರಿಸಲಿಕ್ಕೆ ಎಂದೆ. ಆ ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನೇನೂ ಅದನ್ನು ಹಿಡಿದುಕೊಳ್ಳಲಿಲ್ಲ, ಪಾಪ.

"ನಾ ಇವತ್ತ ಕಂಡದ್ದನ್ನ ಅಷ್ಟ ಹಾಕಬೇಕ್ರಿ. ಮ್ಯಾಲಿನ ಚಿತ್ರದಾಗೂ ಹುಲ್ಲಿಲ್ಲ, ಕೆಳಗ ನಿಂತು ನೋಡಿದ್ರೂ ಹುಲ್ಲಿಲ್ಲ. ಎರಡೂ ತಾಳೆ ಆಗತಾವು. ಹುಲ್ಲ ಇಲ್ಲದ್ದನ್ನ ಗಾಯರಾಣ ಅಂತ ಹೆಂಗ ಹಾಕಲ್ರಿ?"

ಅತ್ತಿಗೆ ಅಲ್ಲಿಯವರೆಗೆ ಹೊರೆಯ ಹಗ್ಗ ಸುತ್ತುತ್ತಿದ್ದಳು. ಹಗ್ಗ ಕೆಳಗಿಟ್ಟಳು. ದನಿ ಏರಿಸಲಿಲ್ಲ, ಮನೆಗೆ ಬಂದ ಅಳಿಯನನ್ನು ಕೇಳುವಂತೆ ಕೇಳಿದಳು: "ಯಪ್ಪಾ, ಉಂಡು ತೊಳದಿಟ್ಟ ಗಂಗಾಳ ನೋಡಿ, ಈ ಮನ್ಯಾಗ ಯಾರೂ ಉಣ್ಣಂಗಿಲ್ಲ ಅಂತ ಬರಕೊಂಡು ಹೋಗ್ತೀಯೇನು? ಇಲ್ಲಿದ್ದ ಹುಲ್ಲ ಯಾರ ಹೊಟ್ಟಿಗಿ ಹೋತು ಅಂತ ಒಬ್ಬರರ ಕೇಳಬಾರದೇನು?"

ಅವನು ನಕ್ಕ. ಕೆಟ್ಟ ನಗೆಯಲ್ಲ. "ಖರೆ ಐತವ್ವಾ ನೀ ಹೇಳೂದು" ಎಂದ. ಅವಳು ಕೊಟ್ಟ ಮಜ್ಜಿಗೆ ಕುಡಿದ. ಆಮೇಲೆ ಫೋನಿನಲ್ಲಿ ಏನು ಒತ್ತಬೇಕಿತ್ತೋ ಅದನ್ನೇ ಒತ್ತಿದ.

ಯುಗಾದಿಯ ನಂತರ ನಕ್ಷೆ ಖಾಯಂ ಆಯಿತು. ನಮ್ಮ ಗುಡ್ಡ ಎಲ್ಲ ಇಲಾಖೆಗಳಲ್ಲೂ ಅದೇ ಮಾಸಲು ಹಳದಿ. ಕಂದಾಯದವರ ಗಾಯರಾಣ ಹೋಯಿತು, ಅರಣ್ಯದವರ ಕುರುಚಲು ಕಾಡು ಹೋಯಿತು, ನೀರಾವರಿಯವರ ಇಳಿಜಾರೂ ಹೋಯಿತು. ನಾನು ಮತ್ತೆರಡು ಅರ್ಜಿ ಹಾಕಿದೆ. ಎಲ್ಲ ಕಡೆಯಿಂದಲೂ ಒಂದೇ ಉತ್ತರ ಬಂತು, ಪದಗಳೂ ಅವೇ. ಒಬ್ಬರೇ ಕೂತು ಎಲ್ಲರ ಪರವಾಗಿ ಬರೆದಿದ್ದಾರೆ ಎಂದು ಈಗಲೂ ನನ್ನ ಗುಮಾನಿ. ಅಣ್ಣ ನನ್ನ ಮೇಲೆ ಸಿಟ್ಟಾಗಲಿಲ್ಲ. ನಾನು ಫೋನಿನಲ್ಲಿ ಹೇಳಿದಾಗ "ನೀ ಉಂಡೇನು?" ಎಂದು ಕೇಳಿದ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು.

ಮುಂಗಾರಿಗೆ ಮೊದಲೇ ಗುಡ್ಡದ ಸುತ್ತ ಕಲ್ಲು ನೆಟ್ಟು ತಂತಿ ಎಳೆದರು. ಒಳಗೆ ಏನೂ ಕಟ್ಟಲಿಲ್ಲ, ಒಂದು ಸೋಲಾರ್ ಹಲಗೆಯೂ ಬರಲಿಲ್ಲ. ಮಳೆ ಮಾತ್ರ ಆ ವರ್ಷ ಛಲೋ ಆಯಿತು. ಎರಡು ಬದಿಯ ಹೊಲಗಳಲ್ಲೂ ಹೆಸರು, ಸಜ್ಜೆ ಎದ್ದು ನಿಂತವು.

ಅಂಥ ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ತವರಿಗೆ ಹೊರಟಿದ್ದೆ. ಊರು ಇನ್ನೇನು ಬಂತು ಎನ್ನುವಾಗ ಬಸ್ಸು ನಿಂತಿತು. ಡ್ರೈವರ್ ಹಾರ್ನ್ ಒತ್ತಿದ, ಒತ್ತುತ್ತಲೇ ಇದ್ದ. ಕಿಟಕಿಯಿಂದ ತಲೆ ಹಾಕಿ ನೋಡಿದೆ. ಡಾಂಬರು ರಸ್ತೆಯ ತುಂಬ ಕುರಿ. ಹೊಲಕ್ಕಿಳಿಯದಂತೆ ಒಂದು ಬದಿ ಅಣ್ಣ, ಇನ್ನೊಂದು ಬದಿ ಅತ್ತಿಗೆ ಕೋಲು ಅಡ್ಡ ಹಿಡಿದು ನಡೆಯುತ್ತಿದ್ದರು. ಕುರಿಗಳು ರಸ್ತೆಯ ಅಂಚಿನ ಎರಡು ಎಸಳು ಹುಲ್ಲಿಗೆ ಒಂದರ ಮೇಲೊಂದು ಬೀಳುತ್ತಿದ್ದವು. ಬಸ್ಸಿನೊಳಗೆ ಜನ ಗೊಣಗತೊಡಗಿದರು.

ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಬೇರೆ ಊರಿನವಳು, ಆ ದಾರಿಗೆ ಹೊಸಬಳು. ಅವಳು ಕಿಟಕಿಯ ಹೊರಗೆ ಕೈ ತೋರಿಸಿದಳು. ತಂತಿಯ ಆಚೆ ನಮ್ಮ ಗುಡ್ಡ ಬುಡದಿಂದ ತಲೆಯವರೆಗೆ ಹಸಿರಾಗಿ ನಿಂತಿತ್ತು, ಗಾಳಿಗೆ ಹುಲ್ಲು ಮಲಗಿ ಏಳುತ್ತಿತ್ತು.

"ಅಲ್ರಿ ಅಕ್ಕಾರ" ಎಂದಳು ಆಕೆ, "ಅಷ್ಟು ಹುಲ್ಲು ಅಲ್ಲಿ ಬಿದ್ದೈತಿ. ರೋಡಿನ ಮ್ಯಾಲ ಯಾಕ ಹೊಡಕೊಂಡು ಬರ್ತಾರ ಇವ್ರು? ಅಲ್ಲಿ ಮೇಸಬಾರದೇನು?"

ನಾನು ಬ್ಯಾಗು ಎತ್ತಿಕೊಂಡು ಬಸ್ಸಿನಿಂದ ಇಳಿದೆ.